ಮೇಷ್ಟ್ರು ಮದರ್‌ಬೋರ್ಡ್ ಕೊಂಡದ್ದು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಸುತ್ತಮುತ್ತ ಬೆಳೆದವರಿಗೆ ಕಾಯಿ ಆರಿಸುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಗಿಟುಕು ತನ್ನ ಯೋಗ್ಯತೆಯನ್ನು ತಾನೇ ಹೇಳುತ್ತದೆ. ಸೀರೆ ಆರಿಸಲು ಕಣ್ಣಿದೆ, ಹಲಸು ಆರಿಸಲು ಮೂಗಿದೆ, ಮಡಕೆ ಆರಿಸಲು ಬೆರಳಿನ ಗೆಣ್ಣಿದೆ. ಆದರೆ ಕಂಪ್ಯೂಟರಿನ ಮದರ್‌ಬೋರ್ಡ್ ಎಂಬ ಹಲಗೆಯನ್ನು ಯಾವ ಇಂದ್ರಿಯದಿಂದ ಆರಿಸಬೇಕು? ಅಲ್ಲಾಡಿಸಿದರೆ ಸದ್ದಿಲ್ಲ, ಮೂಸಿದರೆ ವಾಸನೆಯಿಲ್ಲ, ನೋಡಿದರೆ ಎಲ್ಲವೂ ಒಂದೇ ತೆರ. 2024ರ ಆಷಾಢದಲ್ಲಿ ತಿಪಟೂರಿನ ಒಬ್ಬ ಗಣಿತದ ಮೇಷ್ಟ್ರ ಮುಂದೆ ಈ ಪ್ರಶ್ನೆ ಬಂದು ನಿಂತಿತು.

ಮೇಷ್ಟ್ರು ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಅನುದಾನವಿಲ್ಲದ ಖಾಸಗಿ ಪ್ರೌಢಶಾಲೆಯಾದ್ದರಿಂದ ಪಿಂಚಣಿ ಎಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಪಿ.ಎಫ್. ಹಣದ ಬಡ್ಡಿ, ಬೆಳಗ್ಗೆ ಸಂಜೆಯ ಮನೆಪಾಠ, ಒಂದಿಷ್ಟು ತೆಂಗಿನ ಮರ, ಇಷ್ಟೇ ಆದಾಯ. ದೊಡ್ಡ ಮಗಳು ಊರಿನಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಳು, ಕಂಪ್ಯೂಟರ್ ಸೈನ್ಸು, ಐದನೇ ಸೆಮಿಸ್ಟರು. ಚಿಕ್ಕವಳು ಎಂಟನೇ ಕ್ಲಾಸು. ಮನೆಯಲ್ಲಿದ್ದ ಕಂಪ್ಯೂಟರು 2014ರಲ್ಲಿ ಕೊಂಡದ್ದು. ಮಗಳು ಕಾಲೇಜಿನ ಪ್ರಾಜೆಕ್ಟಿನ ತಂತ್ರಾಂಶವನ್ನು ಅದರಲ್ಲಿ ತೆರೆದು ಸ್ನಾನಕ್ಕೆ ಹೋದರೆ, ತಲೆ ಒರೆಸಿಕೊಂಡು ಬರುವ ಹೊತ್ತಿಗೂ ಅದು ಪೂರ್ತಿ ತೆರೆದುಕೊಂಡಿರುತ್ತಿರಲಿಲ್ಲ. ನಾಲ್ಕು ಜಿಬಿ ಮೆಮೊರಿಯ ಯಂತ್ರ ಪಾಪ ಏನು ಮಾಡೀತು? ಸಾಲದ್ದಕ್ಕೆ ಅದರಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಕಂಪನಿಯ ಆರೈಕೆ ನಿಲ್ಲುತ್ತದೆ ಎಂದು ಆಗಲೇ ಪ್ರಕಟವಾಗಿತ್ತು. ಅದರಂತೆಯೇ ನಿಂತಿತು ಕೂಡ. ವಿಂಡೋಸ್ 11 ಹಾಕೋಣವೆಂದರೆ ಈ ಹಳೆಯ ಪ್ರೊಸೆಸರಿನ ಹೆಸರು ಅದರ ಪಟ್ಟಿಯಲ್ಲೇ ಇರಲಿಲ್ಲ.

ಆ ಹಳೆಯ ಯಂತ್ರದ ವಿಷಯದಲ್ಲಿ ಮೇಷ್ಟ್ರ ಮನಸ್ಸಿನಲ್ಲಿ ಒಂದು ಗಾಯವಿತ್ತು. ಕೊಳ್ಳುವಾಗ ಅಂಗಡಿಯವನು ಬೆನ್ನು ತಟ್ಟುವ ಧಾಟಿಯಲ್ಲಿ ಹೇಳಿದ್ದ: 'ಸಾರ್, ಈ ಬೋರ್ಡು ತಗೊಳ್ಳಿ, ಮುಂದೆ ಏನೇ ಬಂದರೂ ಇದಕ್ಕೇ ಹಾಕ್ಕೋಬಹುದು.' ಮೇಷ್ಟ್ರು ನಂಬಿದರು. 2019ರಲ್ಲಿ ಸ್ವಲ್ಪ ಚುರುಕಾದ ಹೊಸ ಪ್ರೊಸೆಸರ್ ಹಾಕಿಸಲು ಹೋದಾಗ ತಿಳಿದದ್ದೇ ಬೇರೆ. ಅವರ ಬೋರ್ಡಿನ ಸಾಕೆಟ್ಟಿನಲ್ಲಿ ಇದ್ದದ್ದು 1150 ಸೂಜಿ. ಇಂಟೆಲ್ ಕಂಪನಿ 2015ರಲ್ಲೇ 1151 ಸೂಜಿಯ ಸಾಕೆಟ್ಟಿಗೆ ಬದಲಾಯಿಸಿಬಿಟ್ಟಿತ್ತು. ಒಂದೇ ಒಂದು ಸೂಜಿ ಹೆಚ್ಚಾದದ್ದಕ್ಕೆ ಇಡೀ ಬೋರ್ಡು ದಂಡ! ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಸೊನ್ನೆ ಹಾಕುತ್ತಿದ್ದ ಮೇಷ್ಟ್ರಿಗೆ ಅದು ತನಗೇ ಹಾಕಿದ ಸೊನ್ನೆಯಂತೆ ಕಂಡಿತು. ಇನ್ನೂ ತಮಾಷೆಯೆಂದರೆ, 2017ರ ಕೊನೆಯಲ್ಲಿ ಬಂದ ಎಂಟನೇ ತಲೆಮಾರಿನ ಪ್ರೊಸೆಸರುಗಳಿಗೂ 1151ರ ಸಾಕೆಟ್ಟೇ. ಆದರೆ ಹಳೆಯ 1151ರ ಬೋರ್ಡಿನಲ್ಲಿ ಅವು ಕೆಲಸ ಮಾಡುತ್ತಿರಲಿಲ್ಲ. ಸಂಖ್ಯೆ ಹೊಂದಿದರೂ ಸಂಬಂಧ ಕೂಡಲಿಲ್ಲ. ಜಾತಕ ಕೂಡಿದರೂ ಮನಸ್ಸು ಕೂಡದ ಮದುವೆಯಂತೆ!

'ಈ ಸಲ ಯಾರ ಮಾತನ್ನೂ ಕೇಳೋದಿಲ್ಲ, ನಾನೇ ಓದಿ ತಿಳ್ಕೊಂಡು ಆರಿಸ್ತೀನಿ' ಎಂದು ಮೇಷ್ಟ್ರು ಪಣ ತೊಟ್ಟರು. ಮನೆಪಾಠದ ಹುಡುಗರು ಬಿಟ್ಟುಹೋಗಿದ್ದ ಒಂದು ಇನ್ನೂರು ಪುಟದ ನೋಟುಬುಕ್ಕು ತೆಗೆದು ಸ್ಕೇಲಿಟ್ಟು ಗೆರೆ ಎಳೆದರು. ಬೋರ್ಡಿನ ಹೆಸರು, ಸಾಕೆಟ್ಟು, ಮೆಮೊರಿಯ ಸ್ಲಾಟುಗಳು, ಬೆಲೆ, ಷರಾ, ಹೀಗೆ ಐದು ಕಾಲಂ. ಹದಿನೈದು ದಿನ ಮಗಳ ಫೋನಿನಲ್ಲಿ ಓದಿದರು. ಓದುವುದಕ್ಕೂ ಒಂದು ಪಾಡು. ಮಳೆಗಾಲದ ಮೊದಲಲ್ಲಿ ಕನ್ನಡಕದ ಒಂದು ಕಿವಿಕಡ್ಡಿ ಮುರಿದಿತ್ತು. ಅದಕ್ಕೆ ದಾರ ಸುತ್ತಿದ್ದರು. ಅಂಗಡಿಗೆ ಒಯ್ದಾಗ ನಂಬರೂ ಬದಲಾಗಿದೆ, ಎಲ್ಲ ಸೇರಿ 1,900 ರೂಪಾಯಿ ಎಂದಿದ್ದರು. 'ಮೊದಲು ಕಂಪ್ಯೂಟರ್ ಆಗಲಿ' ಎಂದು ಮೇಷ್ಟ್ರು ಹೆಂಡತಿಗೆ ಹೇಳಿದ್ದನ್ನು ದೊಡ್ಡ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಓದುತ್ತ ಹೋದಂತೆ ಮೇಷ್ಟ್ರಿಗೆ ಒಂದು ಸಂಗತಿ ಆಶ್ಚರ್ಯ ತಂದಿತು. ಬೋರ್ಡಿನ ಬೆಲೆ ಹೆಚ್ಚಾದಂತೆ ಕಂಪ್ಯೂಟರಿನ ವೇಗ ಹೆಚ್ಚುತ್ತದೆ ಎಂದೇ ಅವರು ಭಾವಿಸಿದ್ದರು. ಹಿಂದೊಂದು ಕಾಲದಲ್ಲಿ ಈ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಆಗ ಪ್ರೊಸೆಸರಿಗೂ ಮೆಮೊರಿಗೂ ನಡುವೆ ದಲ್ಲಾಳಿಯಂತೆ ಬೋರ್ಡಿನ ಮೇಲೊಂದು ಚಿಪ್ಪು ಕೂತಿರುತ್ತಿತ್ತು. ಎಎಂಡಿ ಕಂಪನಿ 2003ರಲ್ಲಿ, ಇಂಟೆಲ್ 2008ರಲ್ಲಿ ಆ ಕೆಲಸವನ್ನು ಪ್ರೊಸೆಸರಿನ ಒಳಗೇ ಸೇರಿಸಿಕೊಂಡವು. ಅಲ್ಲಿಂದೀಚೆಗೆ ವೇಗ ಪ್ರೊಸೆಸರಿನದು, ಜಾಗ ಬೋರ್ಡಿನದು. ಐದು ಸಾವಿರದ ಬೋರ್ಡಿನ ಮೇಲೂ ಹದಿನೈದು ಸಾವಿರದ ಬೋರ್ಡಿನ ಮೇಲೂ ಒಂದೇ ಪ್ರೊಸೆಸರ್ ಕೂರಿಸಿದರೆ ದಿನದ ಕೆಲಸದಲ್ಲಿ ವ್ಯತ್ಯಾಸವೇ ಕಾಣದು. ಹಾಗಾದರೆ ಹೆಚ್ಚು ಹಣ ಯಾವುದಕ್ಕೆ? ಎಷ್ಟು ಜನ ಬಂದು ಕೂರಬಹುದು, ಎಷ್ಟು ಭಾರ ತಾಳಬಹುದು, ನಾಳೆ ಯಾರಿಗೆ ಜಾಗ ಕೊಡಬಹುದು ಎನ್ನುವುದಕ್ಕೆ.

ಮೇಷ್ಟ್ರು ಇದನ್ನು ರಾತ್ರಿ ಊಟದ ಹೊತ್ತಿನಲ್ಲಿ ವಿವರಿಸಿದಾಗ ಅವರ ಹೆಂಡತಿ ಸಾರು ಬಡಿಸುತ್ತ ನಕ್ಕರು. 'ಅದಕ್ಕೇ ಅದನ್ನ ತಾಯಿಹಲಗೆ ಅಂತಾರೆ ನೋಡ್ರೀ. ಓಡಾಡೋ ಕೆಲಸದ ಹೆಸರೆಲ್ಲ ಬೇರೆಯವರಿಗೆ. ಎಲ್ಲರಿಗೂ ಜಾಗ ಮಾಡಿಕೊಡೋದು ಮಾತ್ರ ಇದಕ್ಕೆ.' ಮೇಷ್ಟ್ರು ಮಾತಾಡದೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಆಷಾಢದಲ್ಲಿ ಹೊಸ ವಸ್ತು ತರುವುದು ಬೇಡವೆಂದು ಮನೆಯಾಕೆ ಒಂದು ಮಾತು ಹೇಳಿ ನೋಡಿದರು. ಸೆಮಿಸ್ಟರು ಶ್ರಾವಣದವರೆಗೆ ಕಾಯುವುದಿಲ್ಲವಾದ್ದರಿಂದ ಆ ಆಕ್ಷೇಪ ನಿಲ್ಲಲಿಲ್ಲ. ಒಂದು ಶನಿವಾರ ಬೆಳಗಿನ ರೈಲಿಗೆ ಅಪ್ಪ ಮಗಳು ಬೆಂಗಳೂರಿಗೆ ಹೊರಟರು. ಮೇಷ್ಟ್ರ ಒಳಜೇಬಿನಲ್ಲಿ ಲಕೋಟೆ, ಲಕೋಟೆಯಲ್ಲಿ 28,000 ರೂಪಾಯಿ. ಚಿಕ್ಕಪೇಟೆಯಲ್ಲಿ ಮೆಟ್ರೊ ಇಳಿದು ಎಸ್.ಪಿ. ರಸ್ತೆಗೆ ನಡೆದರು. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ತಂತಿ, ಪಕ್ಕದಲ್ಲಿ ಮೋಟರು, ಅದರ ಪಕ್ಕದಲ್ಲಿ ಹಳೆಯ ಮಾನಿಟರುಗಳ ಗೋಪುರ. ತಳ್ಳುಗಾಡಿ, ಸ್ಕೂಟರು, ತಲೆಯ ಮೇಲೆ ಪೆಟ್ಟಿಗೆ ಹೊತ್ತವರು, ಎಲ್ಲರೂ ಒಂದೇ ಬಾರಿ ದಾರಿ ಕೇಳುವ ಜಾಗ.

ಮೂರು ಅಂಗಡಿ ಸುತ್ತಿ ನಾಲ್ಕನೆಯದರಲ್ಲಿ ಕುಳಿತರು. ಅಂಗಡಿಯವರು ನಡುವಯಸ್ಸಿನ ತಾಳ್ಮೆಯ ಮನುಷ್ಯ. ಮೇಷ್ಟ್ರ ನೋಟುಬುಕ್ಕು ನೋಡಿ, 'ಏನ್ ಸಾರ್, ನನಗಿಂತ ಚೆನ್ನಾಗಿ ಸ್ಟಾಕ್ ಬರೆದಿದ್ದೀರಿ' ಎಂದರು. ಮೇಷ್ಟ್ರು ಮೊದಲ ಪ್ರಶ್ನೆಯನ್ನೇ ನೇರವಾಗಿ ಕೇಳಿದರು: 'ಇದಕ್ಕೆ ಮುಂದೆ ಬರೋದನ್ನೆಲ್ಲ ಹಾಕಬಹುದಾ?'

ಅಂಗಡಿಯವರು ಕೂಡಲೇ ಹೌದೆನ್ನಲಿಲ್ಲ. ಎರಡು ಬೋರ್ಡು ತಂದು ಮುಂದಿಟ್ಟರು. ಒಂದು ಎಎಂ4 ಸಾಕೆಟ್ಟಿನದು, ಇನ್ನೊಂದು ಎಎಂ5ನದು. ಎಎಂ5 ಬಂದದ್ದು 2022ರಲ್ಲಿ. ಮುಂದಿನ ವರ್ಷಗಳ ಪ್ರೊಸೆಸರುಗಳೂ ಇದಕ್ಕೆ ಬರುತ್ತವೆಂದು ಕಂಪನಿ ಮಾತು ಕೊಟ್ಟಿದೆ. ಆದರೆ ಡಿಡಿಆರ್5 ಮೆಮೊರಿಯನ್ನೇ ಹಾಕಬೇಕು, ಬೋರ್ಡು, ಪ್ರೊಸೆಸರು ಎಲ್ಲವೂ ತುಟ್ಟಿ, ಲಕೋಟೆ ಸಾಲದು. ಎಎಂ4 ಹಳೆಯದು, 2017ರಿಂದ ರೈಜನ್ ಪ್ರೊಸೆಸರುಗಳನ್ನು ಹೊತ್ತುಕೊಂಡು ಬಂದ ಸಾಕೆಟ್ಟು. ಅದರ ವಂಶ ಇನ್ನು ದೂರ ಬೆಳೆಯುವುದಿಲ್ಲ.

'ಆದರೆ ಸಾರ್,' ಎಂದರು ಅಂಗಡಿಯವರು, 'ಇವತ್ತು ನೀವು ಆರು ಕೋರಿನ 5600ಜಿ ಹಾಕ್ಕೊಳ್ಳಿ. ಚಿತ್ರ ತೋರಿಸೋ ಭಾಗ ಅದರೊಳಗೇ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡು ಬೇಡ. ಇನ್ನು ಮೂರು ನಾಲ್ಕು ವರ್ಷಕ್ಕೆ ಇದೇ ಬೋರ್ಡಿಗೆ ಎಂಟು ಕೋರಿಂದು ಹಾಕಬಹುದು. ಅದು ಮುಂದೆ ಬರಬೇಕಾದ್ದಲ್ಲ, ಈಗಲೇ ಆ ಷೆಲ್ಫಲ್ಲಿದೆ. ಬೇಕಾದರೆ ತೋರಿಸ್ತೀನಿ.'

ಮೇಷ್ಟ್ರಿಗೆ ಈ ಮಾತು ಹಿಡಿಸಿತು. ಹತ್ತು ವರ್ಷದ ಹಿಂದೆ ಕೇಳಿದ್ದು ಬರಲಿರುವುದರ ಭರವಸೆ. ಇದು ಇರುವುದರ ಲೆಕ್ಕ. ನೋಟುಬುಕ್ಕಿನಲ್ಲಿ ಎಎಂ4ರ ಮುಂದೆ ಸರಿ ಗುರುತು ಹಾಕಿದರು.

ನಿಜವಾದ ಜಗಳ ಹುಟ್ಟಿದ್ದು ಆಮೇಲೆ. ಎಎಂ4ರಲ್ಲೇ ಎರಡು ಬೋರ್ಡು. ಎ520 ಚಿಪ್‌ಸೆಟ್ಟಿನದು ಸುಮಾರು 5,000 ರೂಪಾಯಿ, ಬಿ550ನದು 8,500. ಅಗ್ಗದ್ದರಲ್ಲಿ ಮೆಮೊರಿಗೆ ಎರಡು ಸ್ಲಾಟು, ತುಟ್ಟಿಯದರಲ್ಲಿ ನಾಲ್ಕು. ಅಗ್ಗದ್ದರಲ್ಲಿ ಎಸ್‌ಎಸ್‌ಡಿಗೆ ಒಂದು ಜಾಗ, ಇದರಲ್ಲಿ ಎರಡು. ಪ್ರೊಸೆಸರಿನ ಪಕ್ಕದಲ್ಲಿ 12 ವೋಲ್ಟನ್ನು ಒಂದೂ ಚಿಲ್ಲರೆ ವೋಲ್ಟಿಗೆ ಇಳಿಸಿ ಉಣಿಸುವ ಬಿಡಿಭಾಗಗಳಿರುತ್ತವೆ. ದೊಡ್ಡ ಪ್ರೊಸೆಸರ್ ಕೂರಿಸಿದರೆ ಅವೇ ಮೊದಲು ಕಾಯುವುದು. ತುಟ್ಟಿಯ ಬೋರ್ಡಿನಲ್ಲಿ ಅವುಗಳ ಮೇಲೆ ಶಾಖ ಹೀರುವ ಲೋಹದ ಗಟ್ಟಿ ಹೊದಿಕೆ, ಅಗ್ಗದ್ದರಲ್ಲಿ ಅವು ಬೆತ್ತಲೆ.

'ಅಪ್ಪಾ, ಅಗ್ಗದ್ದೇ ಸಾಕು' ಎಂದಳು ಮಗಳು. 'ಬಿ550ಲಿ ಇರೋ ನಾಲ್ಕನೇ ತಲೆಮಾರಿನ ವೇಗದ ದಾರಿ ಈ 5600ಜಿಗೆ ಉಪಯೋಗಕ್ಕೇ ಬರಲ್ಲ. ಅದು ಮೂರನೆಯದಕ್ಕೇ ನಿಲ್ಲುತ್ತೆ.'

ಅವಳು ಹೇಳಿದ್ದು ನಿಜವೇ ಆಗಿತ್ತು. ಅಂಗಡಿಯವರೂ ತಲೆಯಾಡಿಸಿದರು.

'ಇವತ್ತು ಬರಲ್ಲ. ನಾಳೆ ಪ್ರೊಸೆಸರ್ ಬದಲಾಯಿಸಿದಾಗ?'

'ನಾಳೆದು ನಾಳೆ ನೋಡೋಣಪ್ಪ.'

'ಹಂಗೆ ಅಂದ್ಕೊಂಡೇ ಆಗ ಮೋಸ ಹೋಗಿದ್ದು ಕಣಮ್ಮಾ. ನಿನ್ನ ಓದು ಮುಗಿದ ಮೇಲೆ ನಿನ್ನ ತಂಗಿಗೂ ಇದೇ ಬೇಕು.'

ಅಪ್ಪನ ಪಟ್ಟಿ ಕೂಡಿಸಿದರೆ 29,200. ಪ್ರೊಸೆಸರ್ 11,500, ಬೋರ್ಡು 8,500, ಎಂಟೆಂಟು ಜಿಬಿಯ ಎರಡು ಮೆಮೊರಿ ಕಡ್ಡಿ 3,500, ಐನೂರು ಜಿಬಿಯ ಎಸ್‌ಎಸ್‌ಡಿ 3,200, ಹೊಸ ಎಸ್‌ಎಂಪಿಎಸ್ 2,500. ಲಕೋಟೆಗಿಂತ 1,200 ಹೆಚ್ಚು. ಮಗಳ ಪಟ್ಟಿ 25,700. ಮೇಷ್ಟ್ರು ಊರಿಗೆ ಹೋಗಲು ಇಟ್ಟುಕೊಂಡಿದ್ದ ಬೇರೆ ಹಣಕ್ಕೆ ಕೈ ಹಾಕಿದರು. ಆಗ ಮಗಳ ಬಾಯಿಂದ ಅಷ್ಟು ದಿನ ಕಟ್ಟಿಟ್ಟ ಮಾತು ಜಾರಿತು. 'ಕನ್ನಡಕ ಮಾಡಿಸ್ಕೋಬೇಕು ನೀನು. ದಾರ ಸುತ್ತಿಕೊಂಡು ಎಷ್ಟು ದಿನ ಪಾಠ ಹೇಳ್ತೀಯ?'

ಮೇಷ್ಟ್ರು ಏನೂ ಹೇಳಲಿಲ್ಲ. ಅಂಗಡಿಯವರು ಯಾರಿಗೋ ಫೋನು ಮಾಡುವ ನೆಪದಲ್ಲಿ ಒಳಗೆ ಎದ್ದುಹೋದರು. ಹೊರಗೆ ತಳ್ಳುಗಾಡಿಯವನು ದಾರಿ ಬಿಡಿ ಎಂದು ಕೂಗುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ನೋಟುಬುಕ್ಕಿನ ಹೊಸ ಪುಟದಲ್ಲಿ ಮಧ್ಯಕ್ಕೊಂದು ಗೆರೆ ಎಳೆದರು. ಎಡಕ್ಕೆ 'ಆಮೇಲೆ ಸೇರಿಸಬಹುದಾದದ್ದು' ಎಂದು ಬರೆದರು, ಬಲಕ್ಕೆ 'ಆಮೇಲೆ ಬದಲಾಯಿಸಲಾಗದ್ದು' ಎಂದು. ಮೆಮೊರಿ ಎಡಕ್ಕೆ ಹೋಯಿತು, ಎಸ್‌ಎಸ್‌ಡಿಯ ಗಾತ್ರವೂ ಎಡಕ್ಕೆ. ಬೋರ್ಡು ಬಲಕ್ಕೆ, ಏಕೆಂದರೆ ಅದನ್ನು ಬದಲಾಯಿಸುವುದೆಂದರೆ ಮನೆಯ ಸಾಮಾನನ್ನೆಲ್ಲ ಬೀದಿಗೆ ಹಾಕಿ ಪಾಯ ಅಗೆದಂತೆ. ಎಸ್‌ಎಂಪಿಎಸ್ಸನ್ನು ಎಡಕ್ಕೆ ಬರೆಯಹೊರಟಾಗ ಮಗಳೇ ತಡೆದಳು. ಅದು ಕೆಟ್ಟದಾದರೆ ತಾನೊಂದೇ ಸಾಯುವುದಿಲ್ಲ, ಉಳಿದವರನ್ನೂ ಕರೆದುಕೊಂಡು ಹೋಗುತ್ತದೆ ಎಂದಳು. ಹೀಗೆ ಬಿ550 ಉಳಿಯಿತು. ಮೆಮೊರಿ ಎರಡರ ಬದಲು ಒಂದೇ ಕಡ್ಡಿ, 1,800 ರೂಪಾಯಿ. ಎಸ್‌ಎಸ್‌ಡಿ ಚಿಕ್ಕದು, 1,700. ಹಳೆಯ ಹಾರ್ಡ್‌ಡಿಸ್ಕು ದಾಸ್ತಾನಿಗೆ ಹೇಗೂ ಇತ್ತು. ಒಂದೇ ಕಡ್ಡಿಯಿದ್ದರೆ ಚಿತ್ರದ ಕೆಲಸ ನಿಧಾನವಾಗುತ್ತದೆಂದು ಅಂಗಡಿಯವರು ಎಚ್ಚರಿಸಿದರು. 'ದೀಪಾವಳಿವರೆಗೆ ತಡ್ಕೋತೀನಿ' ಎಂದಳು ಮಗಳು. ಒಟ್ಟು 26,000. ಮಗಳ ಪಟ್ಟಿಗಿಂತ ಮುನ್ನೂರೇ ಹೆಚ್ಚು, ಲಕೋಟೆಯಲ್ಲಿ ಎರಡು ಸಾವಿರ ಉಳಿತಾಯ.

ಹಣ ಎಣಿಸಿಕೊಂಡ ಮೇಲೆ ಅಂಗಡಿಯವರು ಪ್ರೊಸೆಸರನ್ನು ಬೆಳಕಿಗೆ ಹಿಡಿದು ಅದರ ಸೂಜಿಗಳನ್ನು ತೋರಿಸಿದರು. ಎಎಂ4ರಲ್ಲಿ ಸೂಜಿ ಪ್ರೊಸೆಸರಿನ ಕೆಳಗಿರುತ್ತದೆ. ಇಂಟೆಲ್ಲಿನಲ್ಲಿ, ಎಎಂ5ನಲ್ಲಿ ಬೋರ್ಡಿನ ಸಾಕೆಟ್ಟಿನೊಳಗೆ. ಎಲ್ಲಿದ್ದರೂ ಅಂಗಡಿಯಲ್ಲೇ ನೋಡಿಕೊಂಡು ಹೋಗಬೇಕು, ಮನೆಗೆ ಹೋದ ಮೇಲೆ ಬಗ್ಗಿದ ಸೂಜಿಗೆ ಯಾರೂ ಹೊಣೆಯಲ್ಲ ಎಂದರು. ಹಳೆಯ ಪೆಟ್ಟಿಗೆಗೆ ಈ ಬೋರ್ಡು ಕೂರುತ್ತದೆಯೇ ಎಂಬ ಮೇಷ್ಟ್ರ ಕೊನೆಯ ಅನುಮಾನಕ್ಕೂ ಉತ್ತರವಿತ್ತು. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಎಂಬ ಅಳತೆ, ಅದರ ಕುಡಿಯಾದ 24.4 ಸೆಂಟಿಮೀಟರ್ ಚೌಕದ ಮೈಕ್ರೊ ಎಟಿಎಕ್ಸ್ ಅಳತೆ ಅಲುಗದೆ ನಿಂತಿದ್ದವು. ಎಲ್ಲವೂ ಬದಲಾಗುವ ಈ ಲೋಕದಲ್ಲಿ ಸ್ಕ್ರೂ ಹಾಕುವ ತೂತುಗಳಾದರೂ ಮಾತಿಗೆ ತಪ್ಪಿರಲಿಲ್ಲ.

ಭಾನುವಾರ ಹಜಾರದಲ್ಲಿ ಚಾಪೆ ಹಾಸಿ ಜೋಡಣೆ ನಡೆಯಿತು. ಚಿಕ್ಕವಳು ಟಾರ್ಚು ಹಿಡಿದಳು. ಹಳೆಯ ಡಿಡಿಆರ್3 ಮೆಮೊರಿ ಕಡ್ಡಿಯನ್ನು ಹೊಸ ಸ್ಲಾಟಿಗೆ ಹಿಡಿದು ನೋಡಿದರೆ ಕಚ್ಚೇ ಬೇರೆ ಕಡೆ. ತಪ್ಪಿ ಹಾಕದಿರಲೆಂದೇ ಹಾಗೆ ಮಾಡಿರುತ್ತಾರೆಂದು ಮಗಳು ತಂಗಿಗೆ ಹೇಳಿಕೊಟ್ಟಳು. ಸಂಜೆ ಐದಕ್ಕೆ ಎಲ್ಲ ಮುಗಿಯಿತು. ಸ್ವಿಚ್ಚು ಹಾಕಿದರು. ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಮತ್ತೆ ಹಾಕಿದರು, ಮತ್ತೆ ಕಪ್ಪು. ಕೇಬಲ್ಲು ತೆಗೆದು ಹಾಕಿದ್ದಾಯಿತು, ಮೆಮೊರಿ ತೆಗೆದು ಒರೆಸಿದ್ದಾಯಿತು. ಆಷಾಢ ಎಂಬ ಮಾತು ಮನೆಯಾಕೆಯ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. 26,000 ರೂಪಾಯಿ ಚಾಪೆಯ ಮೇಲೆ ಮೌನವಾಗಿ ಕೂತಿತ್ತು.

ಎಂಟು ಗಂಟೆಗೆ ಮೇಷ್ಟ್ರು ಬೋರ್ಡಿನ ಜೊತೆ ಬಂದ ಪುಸ್ತಿಕೆಯನ್ನು ಕೈಗೆತ್ತಿಕೊಂಡರು. ಅಕ್ಷರ ಸಣ್ಣದಾದ್ದರಿಂದ ಚಿಕ್ಕವಳು ಓದಿದಳು, ದೊಡ್ಡವಳು ಅರ್ಥ ಹೇಳಿದಳು. ಕಾರಣ ಅಲ್ಲಿತ್ತು. ಬಿ550 ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2020ರ ಜೂನ್‌ನಲ್ಲಿ. 5600ಜಿ ಅಂಗಡಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಬೋರ್ಡಿನಲ್ಲೇ ಬರೆದಿಟ್ಟ ಮೊದಲ ಪಾಠವಾದ ಬಯೋಸ್ ಹಳೆಯದಾದರೆ, ತನಗಿಂತ ಆಮೇಲೆ ಹುಟ್ಟಿದ ಪ್ರೊಸೆಸರಿನ ಗುರುತೇ ಅದಕ್ಕೆ ಸಿಗುವುದಿಲ್ಲ. ಇದು ಹಳೆಯ ದಾಸ್ತಾನಿನ ಬೋರ್ಡು. ಪಕ್ಕದ ಪುಟದಲ್ಲೇ ಉಪಾಯವೂ ಇತ್ತು. ಬೋರ್ಡಿನ ಹಿಂಭಾಗದಲ್ಲಿ ಒಂದು ಪುಟ್ಟ ಗುಂಡಿ. ಹೊಸ ಬಯೋಸನ್ನು ಪೆನ್ ಡ್ರೈವಿಗೆ ಇಳಿಸಿ, ಗುರುತು ಮಾಡಿದ ಕಿಂಡಿಗೆ ಸಿಕ್ಕಿಸಿ ಅದನ್ನು ಒತ್ತಿದರೆ ಬೋರ್ಡು ಪ್ರೊಸೆಸರಿನ ಸಹಾಯವಿಲ್ಲದೆ ತಾನೇ ಓದಿಕೊಳ್ಳುತ್ತದೆ. ಬಿ550 ಬೋರ್ಡುಗಳಲ್ಲೂ ಎಲ್ಲಕ್ಕೂ ಈ ಅನುಕೂಲವಿಲ್ಲ. ಮಗಳು ಕೇಳಿದ ಅಗ್ಗದ ಬೋರ್ಡಿನಲ್ಲಂತೂ ಅದು ಇರಲಿಲ್ಲ.

ಮಗಳು ಗುಂಡಿ ಒತ್ತಿದಳು. ಸಣ್ಣ ದೀಪ ಮಿಣಮಿಣ ಮಿನುಗತೊಡಗಿತು. 'ಈಗ ಕರೆಂಟು ಹೋಗದಿದ್ದರೆ ಸಾಕು' ಎಂದು ಮೇಷ್ಟ್ರು ಗೊಣಗಿದರು. ಮಳೆಗಾಲದ ತಿಪಟೂರಿನಲ್ಲಿ ಅದು ಸಣ್ಣ ಆಸೆಯಲ್ಲ. ಕೆಲವು ನಿಮಿಷಗಳ ಕಾಲ ನಾಲ್ಕೂ ಜನ ಆ ದೀಪವನ್ನೇ ನೋಡುತ್ತ ಕೂತರು. ದೀಪ ನಿಂತಿತು. ಸ್ವಿಚ್ಚು ಹಾಕಿದಾಗ ಪರದೆಯ ಮೇಲೆ ಬೆಳಕು ಬಂತು. ಚಿಕ್ಕವಳು ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಮಾತ್ರ ನೋಟುಬುಕ್ಕು ತೆಗೆದು ಷರಾ ಕಾಲಂನಲ್ಲಿ ಬರೆದುಕೊಂಡರು: 'ಬಯೋಸ್ ಯಾವುದೆಂದು ಅಂಗಡಿಯಲ್ಲೇ ಕೇಳಬೇಕಿತ್ತು.' ತಪ್ಪು ತಮ್ಮದಾದರೂ ಕೆಂಪು ಶಾಯಿಯಲ್ಲೇ ಬರೆಯುವುದು ಅವರ ಹಳೆಯ ಅಭ್ಯಾಸ.

ಮಾರನೆಯ ವಾರ ಕನ್ನಡಕವೂ ಬಂತು. ಹಳೆಯ ಮದರ್‌ಬೋರ್ಡನ್ನು ಮೇಷ್ಟ್ರು ಗುಜರಿಗೆ ಹಾಕಲಿಲ್ಲ. ತಾವಿದ್ದ ಶಾಲೆಗೆ ಒಯ್ದು, ಮಕ್ಕಳು ಮುಟ್ಟಿ ನೋಡಲೆಂದು ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು ಬಂದರು. ಹತ್ತು ವರ್ಷ ದುಡಿದ ಹಲಗೆಯ ಮೇಲಿನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ಸುಳ್ಳು ಹೇಳಿದ್ದು ಅದಲ್ಲವಲ್ಲ!

ಮಗಳು ಹೇಳಿದಂತೆ ದೀಪಾವಳಿಗೆ ಇನ್ನೊಂದು ಮೆಮೊರಿ ಕಡ್ಡಿ ತರಿಸಿದರು. ತರಿಸಿದ್ದು ಒಳ್ಳೆಯದೇ ಆಯಿತು. 2025ರ ಕೊನೆಯ ಹೊತ್ತಿಗೆ ಮೆಮೊರಿಯ ಬೆಲೆ ವಿಪರೀತ ಏರಿತು. ಆಮೇಲೆ ಸೇರಿಸಬಹುದಾದದ್ದನ್ನೂ ತೀರಾ ಆಮೇಲಕ್ಕೆ ಬಿಡಬಾರದು ಎಂಬ ಇನ್ನೊಂದು ಷರಾ ನೋಟುಬುಕ್ಕಿಗೆ ಸೇರಿತು.

ಆ ಕಡ್ಡಿ ಹಾಕುವ ದಿನ ಪೆಟ್ಟಿಗೆ ಬಿಚ್ಚಿದವಳು ಚಿಕ್ಕವಳು. ಅಕ್ಕ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಹೊಸ ಕನ್ನಡಕದ ಮೇಷ್ಟ್ರು ಬಗ್ಗಿ, ಬೋರ್ಡಿನ ಮೇಲಿನ ಸಣ್ಣ ಅಕ್ಷರಗಳನ್ನು ಯಾರ ಸಹಾಯವೂ ಇಲ್ಲದೆ ಓದಿದರು. ಆಮೇಲೆ ನೋಟುಬುಕ್ಕಿನಲ್ಲಿ ತಾರೀಖು ಹಾಕಿ, ಚಿಕ್ಕ ಮಗಳ ಹೆಸರು ಬರೆದು, ಅದರ ಮುಂದೆ ಬರೆದರು: 'ಸ್ಲಾಟು ನಾಲ್ಕು. ತುಂಬಿದ್ದು ಎರಡು. ಬಾಕಿ ಎರಡು.'